ಡಿಸ್ನಿ ಪಾರ್ಕ್ ಎಲ್ಲ ದೇಶದಲ್ಲೂ ಒಂದೇನಾ? ಟೋಕಿಯೊ, ಹಾಂಗ್‌ಕಾಂಗ್, ಶಾಂಘೈ: ದಸರಾ ರಜೆಗೆ ಯಾವುದು?

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಮಕ್ಕಳನ್ನು ಡಿಸ್ನಿ ಪಾರ್ಕ್‌ಗೆ ಕರೆದುಕೊಂಡು ಹೋಗಬೇಕೆಂದಿದೆ. ದೊಡ್ಡವಳ ಎತ್ತರ 124 ಸೆಂ.ಮೀ., ಚಿಕ್ಕವನದು 104. ಜೊತೆಗೆ ಅಮ್ಮ ಬರುತ್ತಾರೆ, ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೊರಡುವುದು ಬೆಂಗಳೂರಿನಿಂದ, ಪಾರ್ಕ್‌ಗೆ ಎರಡು ದಿನ ಕೊಡಬಹುದು.

ಕೇಳಬೇಕಾದದ್ದು ಎರಡು. ಎಲ್ಲ ಕಡೆ ಅದೇ ರೈಡ್‌ಗಳಿದ್ದರೆ ಹತ್ತಿರದ್ದಕ್ಕೆ, ಕಡಿಮೆ ಖರ್ಚಿನದ್ದಕ್ಕೆ ಹೋದರೆ ಸಾಕಲ್ಲವೇ? ನಿಜವಾಗಿ ಬೇರೆ ಬೇರೆ ಇದ್ದರೆ, ಈ ಎತ್ತರದ ಮಕ್ಕಳಿಗೆ ಯಾವುದು ಹೆಚ್ಚು ದಕ್ಕುತ್ತದೆ? ಮುಂದೆ ಪ್ಯಾರಿಸ್‌ಗೆ ಹೋಗುವ ಸಾಧ್ಯತೆಯೂ ಇದೆ, ಅದನ್ನೂ ಸ್ವಲ್ಪ ಹೇಳಿ.

ಪಡುವಣಗಾಳಿ

ಹೆಸರು ಒಂದೇ ಇರುತ್ತದೆ, ಒಳಗಿನದು ಬೇರೆ. ಪೈರೇಟ್ಸ್ ಆಫ್ ದಿ ಕೆರಿಬಿಯನ್ ಒಂದನ್ನೇ ನೋಡಿ. ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ, 1967ರಲ್ಲಿ. ಅಲ್ಲಿ ದೋಣಿ ಎರಡು ಸಲ ಕೆಳಕ್ಕೆ ಜಾರುತ್ತದೆ, ಸುಮಾರು ಕಾಲು ಗಂಟೆ ತೇಲಿಸುತ್ತದೆ. ಫ್ಲೋರಿಡಾದ್ದು ಅದರ ಕತ್ತರಿಸಿದ ರೂಪ: ಒಂದೇ ಜಾರು, ಹೆಚ್ಚುಕಡಿಮೆ ಅರ್ಧ ಹೊತ್ತು. ಪ್ಯಾರಿಸ್‌ನಲ್ಲಿ ಕಥೆಯ ಕ್ರಮವೇ ತಿರುವುಮುರುವು. ದೋಣಿ ಮೊದಲು ಕೋಟೆಗೆ ಏರುತ್ತದೆ, ಕಡಲ್ಗಳ್ಳರ ದಾಳಿ ಆಮೇಲೆ, ಅಸ್ಥಿಪಂಜರಗಳು ಕೊನೆಗೆ. ಶಾಂಘೈಯಲ್ಲಿ ಹೆಸರು ಬಿಟ್ಟರೆ ಎಲ್ಲವೂ ಹೊಸದು. ದೋಣಿಯನ್ನು ನೀರಿನಡಿಯಿಂದ ಅಯಸ್ಕಾಂತ ಎಳೆಯುವುದರಿಂದ ಅದು ಅಡ್ಡಕ್ಕೂ ತಿರುಗುತ್ತದೆ, ಹಿಂದಕ್ಕೂ ಹೋಗುತ್ತದೆ. ಕಟ್ಟಡದಷ್ಟೆತ್ತರದ ಪರದೆಗಳ ಮಧ್ಯೆ ಕಡಲ ತಳಕ್ಕಿಳಿದು ಮತ್ತೆ ಮೇಲೆ ಬರುತ್ತೇವೆ. ಹಾಂಗ್‌ಕಾಂಗ್‌ನಲ್ಲಿ ಈ ರೈಡ್ ಇಲ್ಲವೇ ಇಲ್ಲ.

ದೆವ್ವದ ಮನೆಯದೂ ಇದೇ ಕಥೆ. ಅನಹೈಮ್, ಫ್ಲೋರಿಡಾ, ಟೋಕಿಯೊಗಳಲ್ಲಿ ಹಾಂಟೆಡ್ ಮ್ಯಾನ್ಷನ್. ಪ್ಯಾರಿಸ್‌ನಲ್ಲಿ ಫ್ಯಾಂಟಮ್ ಮ್ಯಾನರ್, ಇದ್ದುದರಲ್ಲಿ ಹೆಚ್ಚು ವಿಷಾದದ್ದು, ಚಿಕ್ಕ ಮಕ್ಕಳು ಹೆದರಬಹುದು. ಹಾಂಗ್‌ಕಾಂಗ್‌ನವರು ದೆವ್ವವನ್ನೇ ಕೈಬಿಟ್ಟು 2013ರಲ್ಲಿ ಮಿಸ್ಟಿಕ್ ಮ್ಯಾನರ್ ಕಟ್ಟಿದರು. ಅಲ್ಲಿ ಮಂತ್ರದ ಪೆಟ್ಟಿಗೆಯನ್ನು ಕೋತಿಯೊಂದು ತೆರೆದು ವಸ್ತುಸಂಗ್ರಹಾಲಯದ ವಸ್ತುಗಳಿಗೆಲ್ಲ ಜೀವ ಬರುತ್ತದೆ. ಗಾಡಿಗಳಿಗೆ ಹಳಿ ಇಲ್ಲ, ಪ್ರತಿಯೊಂದೂ ತನ್ನ ದಾರಿ ಹಿಡಿಯುತ್ತದೆ. ಡಿಸ್ನಿಯವರು ಎಲ್ಲೇ ಕಟ್ಟಿದ ಒಳಾಂಗಣ ರೈಡ್‌ಗಳಲ್ಲಿ ನನ್ನ ಲೆಕ್ಕದಲ್ಲಿ ಮೊದಲ ಮೂರರಲ್ಲಿ ಇದಕ್ಕೆ ಜಾಗವುಂಟು. ಬೇರೆ ಯಾವ ದೇಶದಲ್ಲೂ ಇದು ಸಿಗುವುದಿಲ್ಲ.

ವ್ಯತ್ಯಾಸಕ್ಕೆ ಕಾರಣ ನೆಲದಲ್ಲೂ ಇದೆ, ಒಡೆತನದಲ್ಲೂ ಇದೆ. ಪ್ಯಾರಿಸ್‌ನಲ್ಲಿ ಮಳೆ ಹೆಚ್ಚೆಂದು ಮುಖ್ಯ ಬೀದಿಯ ಎರಡೂ ಬದಿ ಅಂಗಡಿಗಳ ಹಿಂದೆ ಚಾವಣಿಯ ಓಣಿಗಳಿವೆ. ಟೋಕಿಯೊದಲ್ಲಿ ಇಡೀ ಬೀದಿಯ ಮೇಲೆಯೇ ಗಾಜಿನ ಚಾವಣಿ. ಯುರೋಪಿನವರು ನಿಜವಾದ ಕೋಟೆಗಳನ್ನು ಕಂಡವರೆಂದು ಪ್ಯಾರಿಸ್‌ನ ಕೋಟೆಯನ್ನು ಪೂರ್ತಿ ಕಾಲ್ಪನಿಕವಾಗಿ ಮಾಡಿ, ನೆಲಮಾಳಿಗೆಯಲ್ಲಿ ಉಸಿರಾಡುವ ಡ್ರ್ಯಾಗನ್ ಇಟ್ಟಿದ್ದಾರೆ. ಅದನ್ನು ತಪ್ಪಿಸಬೇಡಿ, ಕ್ಯೂ ಇರುವುದಿಲ್ಲ. ಅನಹೈಮ್‌ನ ಮೂಲ ಕೋಟೆ 77 ಅಡಿ ಅಷ್ಟೇ. ಫ್ಲೋರಿಡಾದ್ದು 189, ಶಾಂಘೈಯದು ಅದಕ್ಕಿಂತಲೂ ಎತ್ತರ.

ಟೋಕಿಯೊ ಪಾರ್ಕ್‌ಗಳ ಒಡೆತನ ಡಿಸ್ನಿಯದಲ್ಲ. ಓರಿಯಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ ಪರವಾನಗಿ ಪಡೆದು, ರಾಯಧನ ಕೊಟ್ಟು ತನ್ನದೇ ದುಡ್ಡಿನಲ್ಲಿ ಕಟ್ಟಿ ನಡೆಸುತ್ತದೆ. ಅಲ್ಲಿನ ನಿರ್ವಹಣೆಯ ಮಟ್ಟ ಬೇರೆಯೇ, ಬಣ್ಣ ಕಿತ್ತುಹೋದ ಗೋಡೆಯಾಗಲಿ ಕೈಕೆಟ್ಟ ಗೊಂಬೆಯಾಗಲಿ ಕಾಣುವುದು ಅಪರೂಪ. ಡಿಸ್ನಿಸೀ ಎಂಬ ಎರಡನೇ ಪಾರ್ಕ್ (2001) ಇರುವುದೂ ಅಲ್ಲಿ ಮಾತ್ರ.

ಮೂರರಲ್ಲಿ ಒಂದನ್ನೇ ನೋಡುವುದಾದರೆ ಟೋಕಿಯೊ. ಎರಡು ದಿನವನ್ನು ಎರಡು ಪಾರ್ಕ್‌ಗೆ ಹಂಚಿ.

ಮೊಳಕಾಲ್ಮುರು_ರೇಷ್ಮೆ

ರೈಡ್ ಚೆನ್ನಾಗಿದ್ದು ಮಗುವನ್ನು ಹತ್ತಿಸಿಕೊಳ್ಳದಿದ್ದರೆ ಏನು ಬಂತು? ಎತ್ತರದ ಲೆಕ್ಕ ಮೊದಲು ನೋಡಿ.

104 ಇರುವವನಿಗೆ ಟೋಕಿಯೊದಲ್ಲಿ ಸ್ಪ್ಲ್ಯಾಷ್ ಮೌಂಟನ್ (ಕನಿಷ್ಠ ಎತ್ತರ 90 ಸೆಂ.ಮೀ.), ಬಿಗ್ ಥಂಡರ್ (102), ಡಿಸ್ನಿಸೀಯ ಸೋರಿಂಗ್ (102) ಸಿಗುತ್ತವೆ. ಡಿಸ್ನಿಸೀಯಲ್ಲಿ ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ತ್, ಇಂಡಿಯಾನಾ ಜೋನ್ಸ್, ರೇಜಿಂಗ್ ಸ್ಪಿರಿಟ್ಸ್ ಮೂರಕ್ಕೂ 117, ಅವು ಅವನಿಗಿಲ್ಲ. ಹಾಂಗ್‌ಕಾಂಗ್‌ನಲ್ಲಿ ಸ್ಪೇಸ್ ಮೌಂಟನ್‌ನ ಹೈಪರ್‌ಸ್ಪೇಸ್ ರೂಪ ಮತ್ತು ಐರನ್ ಮ್ಯಾನ್ (ಎರಡೂ 102) ಸಿಗುತ್ತವೆ, ಗ್ರಿಜ್ಲಿ ಗಣಿಗಾಡಿ (112) ಸಿಗದು. ಶಾಂಘೈಯ ಟ್ರಾನ್ ಎಂಬ ರೋಲರ್ ಕೋಸ್ಟರ್‌ಗೆ 122. ನಿಮ್ಮ ದೊಡ್ಡವಳು ಅಲ್ಲಿ ಎರಡೇ ಸೆಂಟಿಮೀಟರ್ ಅಂತರದಲ್ಲಿ ಪಾಸಾಗುತ್ತಾಳೆ. ಪ್ಯಾರಿಸ್‌ನ ಹೈಪರ್‌ಸ್ಪೇಸ್ ಮೌಂಟನ್‌ಗೆ 120 ಕೇಳುತ್ತಾರೆ. ಹೆಸರು ಹಾಂಗ್‌ಕಾಂಗ್‌ನದೇ ಆದರೂ ಅದು ನಿಂತಲ್ಲಿಂದ ಚಿಮ್ಮಿ ತಲೆಕೆಳಗಾಗುವ ಕೋಸ್ಟರ್, ಅದಕ್ಕೇ ಈ ವ್ಯತ್ಯಾಸ.

ಅಳೆಯುವುದು ರೈಡ್ ಬಾಗಿಲಲ್ಲಿ, ಕೋಲಿಟ್ಟು. ಮನೆಯಲ್ಲಿ ಶೂ ಹಾಕಿ ಅಳೆದಿದ್ದರೆ ಬರಿಗಾಲಲ್ಲಿ ಇನ್ನೊಮ್ಮೆ ಅಳೆಯಿರಿ. 102ರ ರೈಡ್‌ಗೆ 104 ಎಂದರೆ ಅಂಚಿನ ಲೆಕ್ಕ. ಮಗು ಮೊಣಕಾಲು ಬಗ್ಗಿಸಿ ನಿಂತರೂ ಕೋಲಿಗೆ ಮುಟ್ಟುವುದಿಲ್ಲ.

ಚಿಕ್ಕವನಿಗೆ ಆಗದ ರೈಡ್‌ನಲ್ಲಿ ರೈಡರ್ ಸ್ವಿಚ್ ಕೇಳಿ, ಈ ಎಲ್ಲ ದೇಶಗಳಲ್ಲೂ ಇದೆ. ಕ್ಯೂ ಸೇರುವ ಮೊದಲು, ಎಲ್ಲರೂ ಒಟ್ಟಿಗಿರುವಾಗಲೇ ಬಾಗಿಲಿನ ಸಿಬ್ಬಂದಿಗೆ ಹೇಳಬೇಕು. ಒಬ್ಬರು ಹತ್ತಿ ಬರುವವರೆಗೆ ಇನ್ನೊಬ್ಬರು ಮಗುವಿನೊಂದಿಗೆ ಕೂತಿದ್ದು, ಆಮೇಲೆ ಪೂರ್ತಿ ಕ್ಯೂ ನಿಲ್ಲದೆ ಹೋಗಬಹುದು. ಅರ್ಧ ಕ್ಯೂ ಮುಗಿದ ಮೇಲೆ ನೆನಪಾಗಿ ಕೇಳಿದರೆ ತೊಂದರೆ.

ಟೋಕಿಯೊದ ಸ್ಪೇಸ್ ಮೌಂಟನ್ 2024ರ ಜುಲೈ ಕೊನೆಗೆ ಮುಚ್ಚಿದೆ, ಹೊಸದನ್ನು 2027ಕ್ಕೆಂದು ಘೋಷಿಸಿದ್ದಾರೆ. ಹಳೆಯ ವಿಡಿಯೋ ನೋಡಿ ಮಕ್ಕಳಿಗೆ ಮಾತು ಕೊಡಬೇಡಿ.

ತುಂಗಾನಾಲೆ

ಟೋಕಿಯೊ ಎಂದು ತೀರ್ಮಾನಿಸಿದರೆ ಟಿಕೆಟ್ ಮತ್ತು ಆ್ಯಪ್ ವಿಷಯ ಮೊದಲೇ ತಿಳಿದಿರಲಿ. ಅರ್ಧ ದಿನ ಹಾಳಾಗುವುದು ಇಲ್ಲೇ.

ಟಿಕೆಟ್ ಒಂದು ದಿನಕ್ಕೆ, ಒಂದು ಪಾರ್ಕ್‌ಗೆ. ಅಮೆರಿಕದಲ್ಲಿ ದುಡ್ಡು ಹೆಚ್ಚು ಕೊಟ್ಟು ಒಂದೇ ದಿನ ಎರಡು ಪಾರ್ಕ್ ಓಡಾಡುವ ಹಾಗೆ ಇಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಎರಡು ತಿಂಗಳ ಮುಂಚೆ, ಜಪಾನ್ ಸಮಯ ಮಧ್ಯಾಹ್ನ 2ಕ್ಕೆ ಮಾರಾಟ ತೆರೆಯುತ್ತದೆ, ಅಂದರೆ ನಮ್ಮ ಬೆಳಿಗ್ಗೆ 10:30. ವಯಸ್ಕರ ದರ ದಿನ ನೋಡಿಕೊಂಡು 7,900ರಿಂದ 10,900 ಯೆನ್. ಮಕ್ಕಳ ಟಿಕೆಟ್ 4ರಿಂದ 11 ವರ್ಷಕ್ಕೆ; ಬೇರೆ ದೇಶಗಳಲ್ಲಿ 3 ತುಂಬಿದರೆ ಟಿಕೆಟ್ ಬೇಕು.

ಭಾರತದ ಕಾರ್ಡ್‌ನಲ್ಲಿ ಕೊಳ್ಳುವಾಗ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಅಂತರರಾಷ್ಟ್ರೀಯ ವ್ಯವಹಾರ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಆಗಿರಬೇಕು, ಒಂದು. ಒಟಿಪಿ ಬರುವುದು ಭಾರತದ ಸಿಮ್‌ಗೆ, ಅದು ಇನ್ನೊಂದು. ಪಾರ್ಕ್‌ನೊಳಗೆ ಪ್ರೀಮಿಯರ್ ಆಕ್ಸೆಸ್ (ಉದ್ದ ಕ್ಯೂ ತಪ್ಪಿಸುವ ಪಾಸ್) ಕೊಳ್ಳುವಾಗಲೂ ಒಟಿಪಿ ಕೇಳಬಹುದು, ಆದ್ದರಿಂದ ಇಂಟರ್‌ನೆಟ್‌ಗೆ ಇ-ಸಿಮ್ ಹಾಕಿಸಿಕೊಂಡರೂ ಹಳೆಯ ಸಿಮ್ ರೋಮಿಂಗ್‌ನಲ್ಲಿ ಜೀವಂತವಾಗಿರಲಿ.

ಪ್ರೀಮಿಯರ್ ಆಕ್ಸೆಸ್ ಎಂದರೆ ರೈಡ್ ಒಂದಕ್ಕೆ, ತಲೆಗೆ 1,500 ಯೆನ್‌ನಿಂದ ಶುರುವಾಗುವ ದುಡ್ಡಿನ ಪಾಸ್. ಪ್ರಯಾರಿಟಿ ಪಾಸ್ ಕೂಡ ಕ್ಯೂ ತಪ್ಪಿಸುವುದಕ್ಕೇ, ಆದರೆ ಉಚಿತ. ಎರಡನ್ನೂ ಆ್ಯಪ್‌ನಲ್ಲಿ, ಗೇಟ್ ದಾಟಿದ ಮೇಲೆಯೇ ತೆಗೆಯಬೇಕು. ಎಲ್ಲರ ಟಿಕೆಟ್ ಹಿಂದಿನ ರಾತ್ರಿಯೇ ಒಂದೇ ಫೋನಿಗೆ ಸೇರಿಸಿಡಿ. ಯಾರೊಬ್ಬರ ಟಿಕೆಟ್ ಗೇಟ್‌ನಲ್ಲಿ ಸ್ಕ್ಯಾನ್ ಆಗಿರದಿದ್ದರೂ ಅವರಿಗೆ ಪಾಸ್ ಬರುವುದಿಲ್ಲ, ಅಜ್ಜಿ ಹಿಂದೆ ನಿಧಾನವಾಗಿ ಬರುತ್ತಿದ್ದರೆ ಕಾದು ಒಟ್ಟಿಗೆ ಒಳಗೆ ಹೋಗಿ. ಟೋಕಿಯೊ ಡಿಸ್ನಿಲ್ಯಾಂಡ್‌ನಲ್ಲಾದರೆ ಒಳಹೊಕ್ಕ ತಕ್ಷಣ ಬ್ಯೂಟಿ ಆ್ಯಂಡ್ ದಿ ಬೀಸ್ಟ್ ರೈಡ್‌ಗೆ ದುಡ್ಡಿನ ಪಾಸ್ ಕೊಂಡು, ಅದರ ಬೆನ್ನಿಗೇ ಉಚಿತ ಪಾಸ್ ಒಂದನ್ನು ತೆಗೆಯಿರಿ. ಎರಡೂ ಒಟ್ಟಿಗಿರಬಹುದು. ಮುಂದಿನ ಉಚಿತ ಪಾಸ್ ಸಿಗುವುದು 120 ನಿಮಿಷದ ನಂತರ ಅಥವಾ ಕೈಯಲ್ಲಿರುವ ಪಾಸ್‌ನ ಸಮಯ ಶುರುವಾದಾಗ, ಯಾವುದು ಮೊದಲೋ ಅದು. ಡಿಸ್ನಿಸೀಯಲ್ಲಾದರೆ ಮೊದಲ ದುಡ್ಡಿನ ಪಾಸ್ ಫ್ರೋಜನ್ ರೈಡ್‌ಗೆ. 2024ರ ಜೂನ್‌ನಲ್ಲಿ ತೆರೆದ ಫ್ಯಾಂಟಸಿ ಸ್ಪ್ರಿಂಗ್ಸ್ ಭಾಗದಲ್ಲಿದೆ, ಎತ್ತರದ ಮಿತಿ ಇಲ್ಲ.

ಟೋಕಿಯೊ ಸ್ಟೇಷನ್‌ನಿಂದ ಕೆಯಿಯೊ ಲೈನ್‌ನಲ್ಲಿ ಪಾರ್ಕ್‌ನ ಸ್ಟೇಷನ್ ಮೈಹಾಮಾಕ್ಕೆ ಸುಮಾರು 15 ನಿಮಿಷ. ಆದರೆ ಆ ಪ್ಲಾಟ್‌ಫಾರ್ಮ್ ಸ್ಟೇಷನ್ನಿನ ಬಹಳ ದೂರದ ತುದಿಯಲ್ಲಿದೆ, ನಡೆಯುವುದಕ್ಕೇ ಇನ್ನೊಂದು 15 ನಿಮಿಷ ಇಡಿ. ಪಾರ್ಕ್‌ಗಳ ನಡುವಿನ ಮಾನೊರೈಲಿಗೆ ಬೇರೆ ಟಿಕೆಟ್. ರಾತ್ರಿಯ ಪಟಾಕಿ ಗಾಳಿ ಜೋರಾದರೆ ರದ್ದು. ಕಡಲಂಚು, ಹಾಗಾಗುವುದು ಅಪರೂಪವಲ್ಲ.

ಅಕ್ಟೋಬರ್ ಎರಡನೇ ಸೋಮವಾರ ಅಲ್ಲಿ ಕ್ರೀಡಾ ದಿನದ ರಜೆ. ಆ ಶನಿವಾರದಿಂದ ಸೋಮವಾರದವರೆಗೆ ಹೋಗಬೇಡಿ. ಹ್ಯಾಲೊವೀನ್ ಕಾರ್ಯಕ್ರಮಗಳೂ ಅದೇ ಹೊತ್ತಿನಲ್ಲಿ ನಡೆಯುತ್ತವೆ, ಹಾಗಾಗಿ ವಾರದ ನಡುವಿನ ದಿನಗಳೇ ವಾಸಿ.

ಅರಬ್ಬೀಕಡಲು

ಶಾಂಘೈಯನ್ನು ಯಾರೂ ಎತ್ತಿ ಹಿಡಿಯುತ್ತಿಲ್ಲ. ಪಡುವಣಗಾಳಿ ಅವರು ಹೇಳಿದ ಪೈರೇಟ್ಸ್ ಒಂದಕ್ಕಾಗಿಯೇ ಹೋಗಬಹುದು, ಎತ್ತರದ ಮಿತಿಯೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ತೆರೆದ ಜೂಟೋಪಿಯಾ ಭಾಗ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಆದರೆ ಡಿಸ್ನಿ ಎಂದರೆ ಹಳೆಯದೆಲ್ಲ ಇರಬೇಕು ಎನ್ನುವವರಿಗೆ ನಿರಾಸೆ: ಇಟ್ಸ್ ಎ ಸ್ಮಾಲ್ ವರ್ಲ್ಡ್ ಇಲ್ಲ, ಜಂಗಲ್ ಕ್ರೂಸ್ ಇಲ್ಲ, ದೆವ್ವದ ಮನೆ ಇಲ್ಲ, ಮೇನ್ ಸ್ಟ್ರೀಟ್ ಕೂಡ ಇಲ್ಲ. ಬದಲಿಗೆ ಮಿಕ್ಕಿ ಅವೆನ್ಯೂ, ಕೋಟೆಯ ಮುಂದೆ ಚೀನೀ ರಾಶಿಯ ಹನ್ನೆರಡು ಪ್ರಾಣಿಗಳ ತೋಟ.

ನಿಮ್ಮ ರಜೆಗೆ ಮಾತ್ರ ಎಚ್ಚರಿಕೆ. ಅಕ್ಟೋಬರ್ 1ರಿಂದ 7 ಚೀನಾದಲ್ಲಿ ರಾಷ್ಟ್ರೀಯ ರಜೆ. ಆ ವಾರ ಶಾಂಘೈ ಬೇಡವೇ ಬೇಡ, ಹಾಂಗ್‌ಕಾಂಗ್ ಕೂಡ ತುಂಬಿ ತುಳುಕುತ್ತದೆ. 8ನೇ ತಾರೀಕಿನ ನಂತರ ಹೋದರೆ ಬೇರೆಯೇ ಪಾರ್ಕ್ ನೋಡಿದ ಹಾಗೆ. ಶಾಂಘೈಯಲ್ಲಿ ಟಿಕೆಟ್ ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ, ಗೇಟ್‌ನಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಚೀನಾದ ಪಾವತಿ ಆ್ಯಪ್ ಅಲಿಪೇಗೆ ಕಾರ್ಡ್ ಜೋಡಿಸುವ ಕೆಲಸ ಊರಲ್ಲೇ ಮುಗಿಸಿಕೊಳ್ಳಿ. ಮೆಟ್ರೊ 11ನೇ ಲೈನ್ ಬಾಗಿಲಿಗೇ ಬಿಡುತ್ತದೆ.

ಕಾವೇರಿತೀರ

ತುಂಬಾ ಉಪಕಾರವಾಯಿತು. ಚೀನಾ ರಜೆಯ ವಿಷಯ ಗೊತ್ತೇ ಇರಲಿಲ್ಲ. ಶಾಂಘೈ ಬಿಟ್ಟೆ. ಟೋಕಿಯೊ, ಹಾಂಗ್‌ಕಾಂಗ್ ನಡುವೆ ಅಮ್ಮನ ಊಟ ಎಲ್ಲಿ ಸುಲಭ? ಭಾಷೆ? ವೀಸಾ?

ಚಟ್ನಿಪುಡಿ_ಡಬ್ಬಿ

ಊಟಕ್ಕೆ ಹಾಂಗ್‌ಕಾಂಗ್. ಅದರಲ್ಲಿ ಎರಡು ಮಾತಿಲ್ಲ.

ಟೋಕಿಯೊದಲ್ಲಿ ಕಷ್ಟ ಎಲ್ಲಿದೆ ಎಂದರೆ, ಕಣ್ಣಿಗೆ ತರಕಾರಿ ಎಂದು ಕಾಣುವುದರಲ್ಲೂ ಮೀನಿನ ಸಾರವಿರುತ್ತದೆ. ಸೂಪ್, ಸಾಸ್, ನೂಡಲ್ಸ್‌ನ ನೀರು ಎಲ್ಲಕ್ಕೂ ದಾಶಿ ಎಂಬ ಒಣಮೀನಿನ ರಸವೇ ತಳಹದಿ. ಅಲ್ಲಿ ಸಿಗುವ ಅಲರ್ಜಿ ಪಟ್ಟಿ ನಂಬಿ ಸಸ್ಯಾಹಾರ ಎಂದು ತೀರ್ಮಾನಿಸಬೇಡಿ. ಅದು ಹಾಲು, ಮೊಟ್ಟೆ, ಗೋಧಿಯಂಥ ಅಲರ್ಜಿ ಪದಾರ್ಥಗಳಿಗೆ ಮಾಡಿದ ಪಟ್ಟಿ, ಮಾಂಸದ ಸಾರ ಇಲ್ಲವೆಂದು ಅದು ಹೇಳುವುದಿಲ್ಲ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಗೇಟ್‌ನ ಹೊರಗೆ ಪಿಕ್ನಿಕ್ ಜಾಗವಿದೆ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಲಾಕರ್‌ನಲ್ಲಿಟ್ಟು, ಮಧ್ಯಾಹ್ನ ಹೊರಬಂದು ಉಂಡು ಮತ್ತೆ ಒಳಗೆ ಹೋಗುವುದು ನೆಮ್ಮದಿಯ ದಾರಿ. ಹೊರಬರುವಾಗಲೇ ಮರುಪ್ರವೇಶದ ಕ್ರಮ ಗೇಟ್‌ನಲ್ಲಿ ಕೇಳಿಕೊಳ್ಳಿ. ಉಳಿಯುವುದಕ್ಕೆ ನಿಶಿ-ಕಸಾಯ್ ನೋಡಿ. ಭಾರತೀಯ ಕುಟುಂಬಗಳು ನೆಲೆಸಿರುವ ಜಾಗ, ಸಸ್ಯಾಹಾರದ ಹೋಟೆಲ್‌ಗಳಿವೆ, ಪಾರ್ಕ್‌ಗೂ ದೂರವಲ್ಲ.

ಹಾಂಗ್‌ಕಾಂಗ್ ಪಾರ್ಕ್‌ನೊಳಗೆ ಮಿಸ್ಟಿಕ್ ಮ್ಯಾನರ್ ಪಕ್ಕದ ಎಕ್ಸ್‌ಪ್ಲೋರರ್ಸ್ ಕ್ಲಬ್‌ನಲ್ಲಿ ಭಾರತೀಯ ಅಡುಗೆಯೂ ಇದೆ. ಹೋಗುವ ದಿನದ ಮೆನು ಆ್ಯಪ್‌ನಲ್ಲಿ ನೋಡಿಕೊಳ್ಳಿ, ಮೊಟ್ಟೆ ಬೇಡವೆಂದು ಬೇರೆಯಾಗಿ ಹೇಳಿ. ಊರೊಳಗೆ ಚಿಮ್ ಶಾ ಚೂಯ್ ಸುತ್ತ ಭಾರತೀಯ ಹೋಟೆಲ್‌ಗಳಿಗೆ ಕೊರತೆಯಿಲ್ಲ.

ಭಾಷೆಯಲ್ಲೂ ಅಜ್ಜಿ, ಮಕ್ಕಳಿಗೆ ಹಾಂಗ್‌ಕಾಂಗ್ ಸುಲಭ. ಜಂಗಲ್ ರಿವರ್ ಕ್ರೂಸ್‌ನಲ್ಲಿ ಕ್ಯಾಂಟನೀಸ್, ಇಂಗ್ಲಿಷ್, ಮ್ಯಾಂಡರಿನ್‌ಗೆ ಬೇರೆ ಬೇರೆ ಕ್ಯೂ, ಫಲಕ ನೋಡಿ ನಿಲ್ಲಿ. ಟೋಕಿಯೊದಲ್ಲಿ ರೈಡ್‌ನ ಮಾತೆಲ್ಲ ಜಪಾನಿ. ಬ್ಯೂಟಿ ಆ್ಯಂಡ್ ದಿ ಬೀಸ್ಟ್ ಹಾಡುಗಳೂ ಜಪಾನಿಯಲ್ಲೇ. ಕಥೆ ಗೊತ್ತಿರುವ ಮಕ್ಕಳಿಗೆ ಅದು ಅಡ್ಡಿಯಾಗದು.

ಪಡುವಣಗಾಳಿ

ಮೇಲೆ ಟೋಕಿಯೊ ಎಂದಿದ್ದೆ. ಅಮ್ಮ ಜೊತೆಗಿದ್ದು, ಊಟದ ಕಟ್ಟುನಿಟ್ಟೂ ಇದ್ದು, 104ರ ಮಗುವೂ ಇದ್ದರೆ ಹಾಂಗ್‌ಕಾಂಗ್ ತಪ್ಪು ಆಯ್ಕೆಯಲ್ಲ. ಪಾರ್ಕ್ ಚಿಕ್ಕದು, ನಡಿಗೆ ಕಡಿಮೆ. 2023ರ ನವೆಂಬರ್‌ನಲ್ಲಿ ಫ್ರೋಜನ್ ಭಾಗವೂ ಸೇರಿದೆ. ಒಂದೂವರೆ ದಿನ ಸಾಕು, ಎರಡನೇ ದಿನ ಮಧ್ಯಾಹ್ನ ಹೊರಡಬಹುದು. ಕೆಲವು ವಾರದ ದಿನ ಪಾರ್ಕ್‌ಗೇ ರಜೆ ಇರುತ್ತದೆ, ವಿಮಾನದ ಟಿಕೆಟ್‌ಗಿಂತ ಮೊದಲು ಪಾರ್ಕ್‌ನ ಕ್ಯಾಲೆಂಡರ್ ತೆರೆಯಿರಿ. ಅಕ್ಟೋಬರ್‌ನಲ್ಲಿ ಚಂಡಮಾರುತ ಬರುವುದುಂಟು, ಪಾರ್ಕ್ ದಿನವನ್ನು ಪ್ರವಾಸದ ಕೊನೆಗೆ ತಳ್ಳಬೇಡಿ.

ಎರಡೂ ಊರಿಗೆ ಬೆಂಗಳೂರಿನಿಂದ ನೇರ ವಿಮಾನವಿದೆ. ಹಾಂಗ್‌ಕಾಂಗ್ ವಿಮಾನ ನಿಲ್ದಾಣದಿಂದ ಎಸ್1 ಬಸ್‌ನಲ್ಲಿ ತುಂಗ್ ಚುಂಗ್, ಅಲ್ಲಿಂದ ಮೆಟ್ರೊದಲ್ಲಿ ಒಂದೇ ಸ್ಟೇಷನ್ ಸನ್ನಿ ಬೇ, ಅಲ್ಲಿ ಇಳಿದು ಡಿಸ್ನಿಲ್ಯಾಂಡ್ ಲೈನ್. ಆ ರೈಲಿನ ಕಿಟಕಿಗಳು ಮಿಕ್ಕಿಯ ತಲೆಯ ಆಕಾರದವು, ಮಕ್ಕಳಿಗೆ ಅಲ್ಲಿಂದಲೇ ಶುರು.

ವೀಸಾ: ಜಪಾನ್‌ಗೆ ಮೊದಲೇ ವೀಸಾ ಆಗಬೇಕು. ಹಾಂಗ್‌ಕಾಂಗ್‌ಗೆ ಭಾರತೀಯರು ವಲಸೆ ಇಲಾಖೆಯ ಜಾಲತಾಣದಲ್ಲಿ ಪ್ರವೇಶಪೂರ್ವ ನೋಂದಣಿ ಮಾಡಿದರೆ 14 ದಿನದವರೆಗೆ ಇರಬಹುದು. ಶುಲ್ಕವಿಲ್ಲ, ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ಮಕ್ಕಳಿಗೂ ಅಮ್ಮನಿಗೂ ಬೇರೆ ಬೇರೆ ನೋಂದಣಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆಯೇ ಹಾಕಿ. ನಮ್ಮವರು ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಸೇರಿಸಲು ಹೋಗಿ ಎಡವುತ್ತಾರೆ. ಬಂದ ಚೀಟಿಯನ್ನು ಬಿಳಿಯ ಎ4 ಹಾಳೆಯಲ್ಲಿ ಮುದ್ರಿಸಿ ಸಹಿ ಮಾಡಿ ಇಟ್ಟುಕೊಳ್ಳಿ, ಬೆಂಗಳೂರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವಾಗಲೇ ಕೇಳುತ್ತಾರೆ.