‘ಫೇಲ್’ ಅಂದರೆ ಯಾವಾಗಲೂ ‘ವಿಫಲ’ವೇ?

ಗೆಳೆಯರೇ, ಇಂಗ್ಲಿಷಿನ ‘ಫೇಲ್’ ಎಂಬ ಕ್ರಿಯಾಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಅನುವಾದ ಮಾಡುವವರು, ಸುದ್ದಿ ಬರೆಯುವವರು ಇದನ್ನು ಕಂಡ ಕೂಡಲೇ ‘ವಿಫಲ’ ಎಂದು ಬರೆದು ಮುಂದೆ ಹೋಗುತ್ತಾರೆ. ‘ಆರೋಪಿ ನ್ಯಾಯಾಲಯಕ್ಕೆ ಹಾಜರಾಗಲು ವಿಫಲನಾದ’, ‘ಕಂಪನಿ ತೆರಿಗೆ ಕಟ್ಟಲು ವಿಫಲವಾಯಿತು’, ‘ಚಾಲಕ ಸೀಟ್ ಬೆಲ್ಟ್ ಹಾಕಿಕೊಳ್ಳಲು ವಿಫಲನಾದ’. ಇಂಥ ವಾಕ್ಯಗಳು ಎಲ್ಲೆಲ್ಲೂ ಕಾಣುತ್ತವೆ. ಆ ಚಾಲಕ ಬೆಲ್ಟ್ ಹಾಕಿಕೊಳ್ಳಲು ಹೆಣಗಾಡಿ, ಆಗದೆ ಸುಮ್ಮನಾದನೇ? ಇಲ್ಲ. ಹಾಕಿಕೊಳ್ಳಲಿಲ್ಲ, ಅಷ್ಟೇ.

ತೊಡಕು ಎಲ್ಲಿದೆ ಅಂದರೆ, ‘ವಿಫಲ’ ಎಂಬ ಮಾತಿನೊಳಗೇ ಒಂದು ಪ್ರಯತ್ನ ಅಡಗಿದೆ. ಫಲ ಸಿಗಲಿಲ್ಲ ಎನ್ನಬೇಕಾದರೆ ಮೊದಲು ಕೆಲಸ ನಡೆದಿರಬೇಕು. ‘ಮಾತುಕತೆ ವಿಫಲವಾಯಿತು’ ಸರಿ, ಏಕೆಂದರೆ ಮಾತುಕತೆ ನಡೆದಿತ್ತು. ‘ಬೆಂಕಿ ಆರಿಸುವ ಪ್ರಯತ್ನ ವಿಫಲವಾಯಿತು’ ಕೂಡ ಸರಿ. ಅಲ್ಲಿ ವಿಫಲವಾದದ್ದು ಪ್ರಯತ್ನ. ಪ್ರಯತ್ನವೇ ಇಲ್ಲದ ಕಡೆ ‘ವಿಫಲ’ ಬಂದರೆ ಮಾತು ಸುಳ್ಳಾಗುತ್ತದೆ. (ಫೇಲ್, ವಿಫಲ ಎರಡರಲ್ಲೂ ‘ಫ’ ಮತ್ತು ‘ಲ’ ಇರುವುದರಿಂದ ಇವು ನೆಂಟರು ಅಂತ ಕೆಲವರು ನಂಬಿದ್ದಾರೆ. ಅಲ್ಲ, ಅದು ಬರೀ ಕಾಕತಾಳೀಯ.)

ಇಂಗ್ಲಿಷಿನ ‘ಫೇಲ್ ಟು’ಗೆ ಪ್ರಯತ್ನ ಇರಲೇಬೇಕು ಎಂಬ ಕಟ್ಟುಪಾಡಿಲ್ಲ. ಅದಕ್ಕೆ ಬೇಕಾದದ್ದು ನಿರೀಕ್ಷೆ ಮಾತ್ರ. ಏನೋ ಆಗಬೇಕಿತ್ತು, ಆಗಲಿಲ್ಲ. ಏನೋ ಮಾಡಬೇಕಿತ್ತು, ಮಾಡಲಿಲ್ಲ. ‘ದಿ ಲೆಟರ್ ಫೇಲ್ಡ್ ಟು ಅರೈವ್’ ಅನ್ನುತ್ತಾರೆ. ಪತ್ರ ಬರಲು ಪ್ರಯತ್ನ ಪಡುವುದಿಲ್ಲ. ಬರುತ್ತದೆ ಎಂದು ಯಾರೋ ಕಾಯುತ್ತಿದ್ದರು, ಬರಲಿಲ್ಲ. ‘ಹಿ ಫೇಲ್ಡ್ ಟು ಅಪಿಯರ್ ಇನ್ ಕೋರ್ಟ್’ ಅಂದರೆ ಹಾಜರಾಗಬೇಕಾದವನು ಹಾಜರಾಗಲಿಲ್ಲ. ಊರು ಬಿಟ್ಟು ಓಡಿದನೋ, ಮರೆತನೋ, ಆಸ್ಪತ್ರೆಯಲ್ಲಿ ಮಲಗಿದ್ದನೋ, ಆ ವಾಕ್ಯ ಹೇಳುವುದಿಲ್ಲ. ಕಾನೂನಿನ ಭಾಷೆಯಲ್ಲಿ ಈ ಕ್ರಿಯಾಪದ ಅಷ್ಟೊಂದು ಬಳಕೆಯಾಗುವುದು ಅದಕ್ಕೇ. ಕಾರಣದ ಬಗ್ಗೆ ಬಾಯಿಬಿಡದೆ, ಆಗಬೇಕಾದದ್ದು ಆಗಲಿಲ್ಲ ಎಂಬುದನ್ನಷ್ಟೇ ದಾಖಲಿಸಬಹುದು.

ಈಗ ‘ಕಂಪನಿ ತೆರಿಗೆ ಕಟ್ಟಲು ವಿಫಲವಾಯಿತು’ ಎಂಬುದನ್ನು ಮತ್ತೆ ಓದಿ ನೋಡಿ. ಪಾಪ, ಕಟ್ಟಬೇಕೆಂದು ತುಂಬಾ ಒದ್ದಾಡಿತು, ಆಗಲಿಲ್ಲ ಎಂಬ ಅರ್ಥ ಬರುತ್ತದೆ ಅಲ್ವಾ? ಮೂಲ ಹೇಳದ ಒಂದು ಕಾರಣವನ್ನು ನಾವು ಸೇರಿಸಿದಂತಾಯಿತು. ಅದೂ ತಪ್ಪು ಮಾಡಿದವರ ಪರವಾಗಿ! ಕನ್ನಡದಲ್ಲಿ ಇದಕ್ಕೆ ಮೂರು ಬೇರೆ ಬೇರೆ ಮಾತುಗಳಿವೆ. ‘ಕಟ್ಟಲಿಲ್ಲ’ ಅಂದರೆ ಕಾರಣ ಹೇಳಿಲ್ಲ. ‘ಕಟ್ಟಲಾಗಲಿಲ್ಲ’ ಅಂದರೆ ಕೈಯಲ್ಲಿ ಆಗಲಿಲ್ಲ. ‘ತೆರಿಗೆ ತಪ್ಪಿಸಿತು’ ಅಂದರೆ ಬೇಕೆಂದೇ ಮಾಡಿದ್ದು. ‘ಫೇಲ್ಡ್ ಟು ಪೇ’ಗೆ ಸರಿಯಾಗಿ ಕೂರುವುದು ಮೊದಲನೆಯದು. ‘ವಿಫಲ’ ನಮ್ಮನ್ನು ಎರಡನೆಯದರ ಕಡೆಗೆ ಎಳೆದುಬಿಡುತ್ತದೆ. ಇದು ಬರೀ ಶೈಲಿಯ ಮಾತಲ್ಲ, ನ್ಯಾಯದ ಮಾತು ಎಂದು ನಾನು ನಂಬಿದ್ದೇನೆ.

ಹಾಗಾದರೆ ಎಲ್ಲ ಕಡೆ ‘-ಲಿಲ್ಲ’ ಹಾಕಿದರೆ ಸಾಕೇ? ಅನೇಕ ಕಡೆ ಸಾಕು. ಆದರೆ ಒಂದು ಸಣ್ಣ ನಷ್ಟ ಇದೆ. ‘ಅವನು ಬರಲಿಲ್ಲ’ ಎಂಬುದು ಬರಬೇಕಾದವನಿಗೂ ಸಲ್ಲುತ್ತದೆ, ಬರಬೇಕಾಗಿಲ್ಲದವನಿಗೂ ಸಲ್ಲುತ್ತದೆ. ‘ಫೇಲ್ಡ್ ಟು ಕಮ್’ನಲ್ಲಿ ಇರುವ ಆ ‘ಬರಬೇಕಿತ್ತು’ ಎಂಬ ಒತ್ತು ಮಾಯವಾಗುತ್ತದೆ. ಅದನ್ನು ಉಳಿಸಿಕೊಳ್ಳಲು ನನಗೆ ತುಂಬಾ ಇಷ್ಟವಾದ ದಾರಿ ‘-ದೆ ಹೋಗು’. ಬಾರದೆ ಹೋದ, ತಿಳಿಯದೆ ಹೋಯಿತು, ನೆರವೇರದೆ ಹೋಯಿತು. ಇಲ್ಲಿ ನಿರೀಕ್ಷೆಯೂ ಇದೆ, ಚೂರು ನಿರಾಸೆಯೂ ಇದೆ. ಕಥೆ, ಪ್ರಬಂಧಗಳಲ್ಲಿ ಇದು ಚೆನ್ನಾಗಿ ಒಗ್ಗುತ್ತದೆ. ವರದಿಗೆ ಸ್ವಲ್ಪ ಭಾವುಕ ಅನ್ನಿಸಿದರೆ ‘ಹಾಜರಾಗಬೇಕಿದ್ದ ಆರೋಪಿ ಬರಲಿಲ್ಲ’ ಎಂದು ಬರೆಯಬಹುದು. ಒಂದು ಪದ ಜಾಸ್ತಿಯಾದರೂ ಅರ್ಥ ಕೆಡುವುದಿಲ್ಲ.

ನಿಜವಾಗಿ ಪ್ರಯತ್ನ ಇದ್ದಾಗ ‘ವಿಫಲ’ವನ್ನು ಬಿಡಬೇಕಾಗಿಲ್ಲ. ‘ಬೆಲೆ ಏರಿಕೆ ತಡೆಯುವಲ್ಲಿ ಸರ್ಕಾರ ವಿಫಲವಾಗಿದೆ’ ಎಂಬುದರಲ್ಲಿ ನನಗೆ ತಕರಾರಿಲ್ಲ, ಕ್ರಮ ಕೈಗೊಂಡಿದ್ದರೆ. ‘ಪ್ರಶ್ನೆಗೆ ಉತ್ತರಿಸಲು ಅಧಿಕಾರಿ ವಿಫಲರಾದರು’ ಎಂಬುದರಲ್ಲಿ ಇದೆ. ಅವರು ಸುಮ್ಮನಿದ್ದರು, ಅಷ್ಟೇ. ಆದರೆ ಯತ್ನ ಇದ್ದ ಕಡೆಯೂ ಬಿಡಿ ಮಾತುಗಳು ಬೇಕಾದಷ್ಟಿವೆ: ಆಗಲಿಲ್ಲ, ಕೈಗೂಡಲಿಲ್ಲ, ಫಲಿಸಲಿಲ್ಲ, ನೆಲಕಚ್ಚಿತು.

ಇನ್ನು ಎರಡು ನಿಷೇಧ ಸೇರಿದಾಗ ಬರುವ ‘ನೆವರ್ ಫೇಲ್ಸ್ ಟು’. ‘ಈ ಹಾಡು ನನ್ನನ್ನು ಅಳಿಸಲು ಎಂದಿಗೂ ವಿಫಲವಾಗುವುದಿಲ್ಲ’ ಎಂದು ಬರೆದರೆ ಹಾಡು ನಮ್ಮನ್ನು ಅಳಿಸಲು ಹೊಂಚು ಹಾಕಿದಂತೆ ಇರುತ್ತದೆ. ‘ಈ ಹಾಡು ಕೇಳಿದಾಗಲೆಲ್ಲ ಅಳು ಬರುತ್ತದೆ.’ ಇಷ್ಟೇ ಸಾಕು. ‘ಐ ಫೇಲ್ ಟು ಸೀ’ ಕೂಡ ಹೀಗೆಯೇ. ಅದು ಕಣ್ಣಿಗೂ ಸಂಬಂಧಿಸಿಲ್ಲ, ಸೋಲಿಗೂ ಸಂಬಂಧಿಸಿಲ್ಲ. ವಾದದಲ್ಲಿ ಎದುರಿನವರ ಮಾತನ್ನು ಒಪ್ಪದಿರುವ ಮರ್ಯಾದೆಯ ರೀತಿ. ‘ಇದರಲ್ಲಿ ತಪ್ಪೇನಿದೆ ನನಗಂತೂ ತಿಳಿಯುತ್ತಿಲ್ಲ’ ಎನ್ನುತ್ತೇವಲ್ಲ, ಅದೇ ಧಾಟಿ.

‘ಫೇಲ್’ಗೆ ಕನ್ನಡದಲ್ಲಿ ಅತಿ ಹತ್ತಿರದ ಕ್ರಿಯಾಪದ ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ‘ಸೋಲು’ ಅಲ್ಲ, ‘ವಿಫಲವಾಗು’ ಅಲ್ಲ. ‘ತಪ್ಪು’. ‘ವಿದೌಟ್ ಫೇಲ್’ ಅಂದರೆ ‘ತಪ್ಪದೆ’. ‘ಫೇಲಿಂಗ್ ವಿಚ್’ ಅಂದರೆ ಸರ್ಕಾರಿ ನೋಟಿಸುಗಳಲ್ಲಿ ಬರುವ ‘ತಪ್ಪಿದಲ್ಲಿ’. ಕೊಟ್ಟ ಮಾತನ್ನು ನಡೆಸದವನು ‘ಮಾತಿಗೆ ತಪ್ಪಿದ’. ಬಾಣ ‘ಗುರಿ ತಪ್ಪಿತು’. ಪ್ರಯತ್ನ ಇರಲೇಬೇಕು ಎಂಬ ಷರತ್ತು ಇದಕ್ಕೂ ಇಲ್ಲ. ನಿರೀಕ್ಷೆ ಇದ್ದರೆ ಸಾಕು. ನಿಗದಿಯಾದ ದಾರಿಯಿಂದ ಸರಿದರೆ ಅದು ತಪ್ಪುವುದು.

ಈ ಹೋಲಿಕೆ ಇನ್ನೂ ಆಳಕ್ಕೆ ಹೋಗುತ್ತದೆ. ‘ಫೇಲ್’ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನ ‘ಫೈಯಿರ್’ನಿಂದ, 13ನೇ ಶತಮಾನದ ಹೊತ್ತಿಗೆ. ಅದರ ಹಿಂದೆ ಇರುವುದು ಲ್ಯಾಟಿನ್ನಿನ ‘ಫಲ್ಲೆರೆ’. ಅದರ ಅರ್ಥ ವಂಚಿಸು, ಜಾರಿಸು. ‘ಫಾಲ್ಟ್’, ‘ಡಿಫಾಲ್ಟ್’, ‘ಫಾಲ್ಸ್’, ‘ಫ್ಯಾಲಸಿ’ ಎಲ್ಲವೂ ಅದೇ ಬಳಗ. ಬೀಳು ಎಂಬ ಅರ್ಥದ ‘ಫಾಲ್’ ಮಾತ್ರ ಬೇರೆ ಮನೆಯದು, ಅದು ಜರ್ಮ್ಯಾನಿಕ್ ಮೂಲದ್ದು. ಅಂದರೆ ಅಲ್ಲಿ ‘ಆಗಲಿಲ್ಲ’ ಎಂಬ ಕ್ರಿಯೆ ಮತ್ತು ‘ದೋಷ’ ಎಂಬ ನಾಮಪದ ಒಂದೇ ಬೇರಿನಿಂದ ಹುಟ್ಟಿವೆ. ಕನ್ನಡದಲ್ಲಿ ಆ ಎರಡೂ ಒಂದೇ ಪದ! ರೈಲು ತಪ್ಪಿತು ಅನ್ನುವಾಗಲೂ ತಪ್ಪು, ಲೆಕ್ಕದಲ್ಲಿ ತಪ್ಪಿದೆ ಅನ್ನುವಾಗಲೂ ತಪ್ಪು. ಎಲ್ಲೋ ದೂರದ ಎರಡು ಭಾಷೆಗಳು ಒಂದೇ ಕಡೆಯಿಂದ ಯೋಚಿಸಿವೆ ಎಂಬುದು ನನಗೆ ಬಹಳ ಖುಷಿ ಕೊಡುತ್ತದೆ.

ಆದರೂ ‘ತಪ್ಪು’ ಎಲ್ಲ ಕಡೆ ಹೊಂದುವುದಿಲ್ಲ. ಪರೀಕ್ಷೆಯ ವಿಷಯದಲ್ಲಿ ‘ತಪ್ಪಿದ’ ಅಂದರೆ ಪರೀಕ್ಷೆಗೇ ಹೋಗಲಿಲ್ಲ ಅನ್ನಿಸುತ್ತದೆ. ಅಲ್ಲಿ ಫೇಲು, ನಪಾಸು, ಡುಮ್ಕಿ, ಅಂಕಪಟ್ಟಿಯ ಅನುತ್ತೀರ್ಣ ಎಲ್ಲ ಇವೆ. ‘ನಪಾಸು’ ಪದ ನೋಡಿ, ಪರ್ಷಿಯನ್ನಿನ ‘ನಾ’ಕ್ಕೆ ಇಂಗ್ಲಿಷಿನ ‘ಪಾಸ್’ ಅಂಟಿದೆ. ನಾವು ‘ಫೇಲ್’ ಅನ್ನು ಕ್ರಿಯಾಪದವಾಗಿ ತೆಗೆದುಕೊಳ್ಳಲೇ ಇಲ್ಲ. ‘ಆಗು’, ‘ಮಾಡು’ ಸೇರಿಸಿಕೊಂಡೆವು. ಹಾಗಾಗಿ ‘ಫೇಲಾದ’, ‘ಫೇಲು ಮಾಡಿದರು’ ಎರಡೂ ಬೇರೆ ಬೇರೆಯಾಗಿ ಸ್ಪಷ್ಟವಾಗಿವೆ. ಇಂಗ್ಲಿಷಿನಲ್ಲಿ ‘ದಿ ಸ್ಟೂಡೆಂಟ್ ಫೇಲ್ಡ್ ದಿ ಎಕ್ಸಾಮ್’, ‘ದಿ ಟೀಚರ್ ಫೇಲ್ಡ್ ದಿ ಸ್ಟೂಡೆಂಟ್’ ಎರಡಕ್ಕೂ ಒಂದೇ ರೂಪ. ಯಾರು ಯಾರನ್ನು ಎಂಬುದನ್ನು ಅರ್ಥದಿಂದಲೇ ತಿಳಿಯಬೇಕು. ಈ ‘ಫೇಲಾದ’ದಿಂದಲೇ ನಮ್ಮವರ ಇಂಗ್ಲಿಷಿನಲ್ಲಿ ‘ಹಿ ಗಾಟ್ ಫೇಲ್ಡ್’, ‘ಹಿ ಈಸ್ ಫೇಲ್’ ಬರುವುದು. ‘ಆದ’ ಎಂಬುದನ್ನು ಅನುವಾದ ಮಾಡಬೇಕಾಗಿಲ್ಲ, ‘ಹಿ ಫೇಲ್ಡ್’ನಲ್ಲೇ ಅದು ಸೇರಿದೆ.

ದೇಹದ ವಿಷಯಕ್ಕೆ ಬಂದರೆ ಇದು ಇನ್ನೂ ಗಂಭೀರ. ‘ಹಾರ್ಟ್ ಫೇಲಾಗಿ ತೀರಿಕೊಂಡರು’ ಎಂದು ಜನ ಹೇಳುವಾಗ ಹೃದಯ ನಿಂತಿತು ಎಂಬ ಅರ್ಥ ಇರುತ್ತದೆ. ವೈದ್ಯರ ‘ಹಾರ್ಟ್ ಫೇಲ್ಯೂರ್’ ಅದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾರದ ಸ್ಥಿತಿ ಅದು. ಔಷಧಿ ತೆಗೆದುಕೊಳ್ಳುತ್ತಾ ವರ್ಷಗಟ್ಟಲೆ ಬದುಕುವವರು ಇದ್ದಾರೆ. ಹೃದಯದ ರಕ್ತನಾಳ ಕಟ್ಟಿಕೊಂಡರೆ ‘ಹಾರ್ಟ್ ಅಟ್ಯಾಕ್’, ಹೃದಯ ಬಡಿತವೇ ನಿಂತರೆ ‘ಕಾರ್ಡಿಯಾಕ್ ಅರೆಸ್ಟ್’. ಮೂರೂ ಬೇರೆ. ‘ಹೃದಯ ವೈಫಲ್ಯ’ ಎಂದು ವರದಿಯಲ್ಲಿ ಓದಿದ ಮನೆಯವರು ಎಲ್ಲ ಮುಗಿದೇ ಹೋಯಿತು ಎಂದು ಹೆದರುತ್ತಾರೆ. ‘ಹೃದಯದ ಶಕ್ತಿ ಸಾಲುತ್ತಿಲ್ಲ’ ಎಂದರೆ ನಿಜಕ್ಕೆ ಹತ್ತಿರ. ‘ಸಾಲದು’ ಎಂಬ ಕ್ರಿಯಾಪದವನ್ನು ನಾವು ಈ ಕೆಲಸಕ್ಕೆ ಇನ್ನಷ್ಟು ಬಳಸಬೇಕು. ‘ಹಿಸ್ ಕರೇಜ್ ಫೇಲ್ಡ್ ಹಿಮ್’ಗೂ ಅದೇ ಸರಿ, ಧೈರ್ಯ ಸಾಲಲಿಲ್ಲ. ‘ವರ್ಡ್ಸ್ ಫೇಲ್ ಮಿ’ ಅಂದಾಗ ಮಾತ್ರ ‘ಮಾತೇ ಹೊರಡುತ್ತಿಲ್ಲ’. ‘ಹೇಳಲು ಪದಗಳು ಸಾಲವು’ ಎಂಬುದೂ ನಡೆಯುತ್ತದೆ, ಆದರೆ ಅದು ಈಗ ಸಮಾರಂಭದ ಭಾಷಣಗಳಲ್ಲಿ ಸವೆದುಹೋಗಿದೆ.

ಬ್ಯಾಂಕ್ ಫೇಲಾದರೆ ‘ಮುಳುಗಿತು’, ‘ದಿವಾಳಿಯಾಯಿತು’. 2008ರಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ಬಿದ್ದಾಗ ಕನ್ನಡದಲ್ಲೂ ಬಳಸಿದ್ದು ಇವನ್ನೇ. ಮಳೆ, ಬೆಳೆ, ಬ್ರೇಕು, ಎಂಜಿನ್, ನೆನಪಿನ ಶಕ್ತಿ ಇವೆಲ್ಲ ‘ಕೈಕೊಡುತ್ತವೆ’. ಇಲ್ಲಿ ‘ಮಳೆಯ ವೈಫಲ್ಯ’ ಎಂದು ಬರೆಯುವವರಿಗೆ ಏನು ಹೇಳುವುದು? ‘ಮಳೆ ಕೈಕೊಟ್ಟಿತು’ ಎಂಬಷ್ಟು ಒಳ್ಳೆಯ ಮಾತು ಕೈಯಲ್ಲೇ ಇದೆ.

ಯಂತ್ರಗಳ ಮಾತಿನಲ್ಲಿ ಒಂದು ಪದದ ಬಗ್ಗೆ ಮಾತ್ರ ಎಚ್ಚರ ಬೇಕು, ‘ಫೇಲ್-ಸೇಫ್’. ಇದನ್ನು ‘ಎಂದೂ ಕೆಡದ’ ಎಂದು ಅನುವಾದಿಸುತ್ತಾರೆ. ಅರ್ಥ ತಿರುಗುಮುರುಗು. ಕೆಟ್ಟರೂ ಅಪಾಯವಾಗದ ಹಾಗೆ ಕೆಡುವುದು ಎಂಬುದು ಅದರ ಅರ್ಥ. ರೈಲಿನ ಗಾಳಿ ಬ್ರೇಕ್ ಒಳ್ಳೆಯ ಉದಾಹರಣೆ. ಮೊದಲಿನ ವಿಧಾನದಲ್ಲಿ ಗಾಳಿಯ ಒತ್ತಡ ಹೆಚ್ಚಿಸಿದರೆ ಬ್ರೇಕ್ ಬೀಳುತ್ತಿತ್ತು. ಕೊಳವೆ ಒಡೆದರೆ ಬ್ರೇಕೇ ಇಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರ ಸುಮಾರಿಗೆ ಅದನ್ನು ತಿರುಗಿಸಿದ. ಒತ್ತಡ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಇಳಿದರೆ ಬೀಳುತ್ತದೆ. ಕೊಳವೆ ಒಡೆದರೆ ರೈಲು ತಾನಾಗಿ ನಿಲ್ಲುತ್ತದೆ. ಇಲ್ಲಿ ಕೆಡುವುದನ್ನು ಯಾರೂ ತಡೆದಿಲ್ಲ. ಕೆಟ್ಟಾಗ ಏನಾಗಬೇಕು ಎಂಬುದನ್ನು ಮೊದಲೇ ಯೋಚಿಸಿದ್ದಾರೆ. ‘ಕೆಟ್ಟರೂ ಕೇಡಿಲ್ಲದ’ ಎಂದು ನಾನು ಬರೆಯುತ್ತೇನೆ. ಓದುವವರಿಗೆ ತಕ್ಷಣ ತಿಳಿಯುತ್ತದೆ.

ಸಂಖ್ಯಾಶಾಸ್ತ್ರದ ‘ಫೇಲ್ ಟು ರಿಜೆಕ್ಟ್’ ಅನುವಾದಿಸುವವರಿಗೂ ಒಂದು ಮಾತು. ಶೂನ್ಯ ಕಲ್ಪನೆಯನ್ನು (ನಲ್ ಹೈಪಾಥಿಸಿಸ್, ಅಂದರೆ ‘ವ್ಯತ್ಯಾಸವೇನೂ ಇಲ್ಲ’ ಎಂದು ಮೊದಲು ಇಟ್ಟುಕೊಂಡು ಪರೀಕ್ಷಿಸುವ ಊಹೆ) ‘ಒಪ್ಪಿಕೊಳ್ಳಲಾಯಿತು’ ಎಂದು ಬರೆಯಬೇಡಿ. ತಳ್ಳಿಹಾಕಲು ಬೇಕಾದಷ್ಟು ಆಧಾರ ಸಿಗಲಿಲ್ಲ, ಅಷ್ಟೇ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಮನುಷ್ಯರು ಕರ್ಮಪದವಾಗುವ ಬಳಕೆ. ‘ದಿ ಸಿಸ್ಟಮ್ ಫೇಲ್ಡ್ ದಿ ಚೈಲ್ಡ್.’ ಇದನ್ನು ‘ವ್ಯವಸ್ಥೆ ಮಗುವನ್ನು ಸೋಲಿಸಿತು’ ಎಂದು ಬರೆದವರನ್ನು ನೋಡಿದ್ದೇನೆ. ಅದು ಸ್ಪರ್ಧೆಯಾಯಿತು. ‘ಕೈಬಿಟ್ಟಿತು’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಗೊತ್ತಿದ್ದೇ ಬಿಟ್ಟ ಭಾವ ಇದೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಯಾರೂ ಬೇಕೆಂದು ಮಾಡದಿದ್ದರೂ, ನೋಡಿಕೊಳ್ಳಬೇಕಾದವರು ನೋಡಿಕೊಳ್ಳದೆ ಹೋದರು ಎಂಬ ಆರೋಪ ಇದೆ. ‘ಕೈಕೊಟ್ಟಿತು’ ಅಂದರೆ ಮೋಸದ ವಾಸನೆ ಬರುತ್ತದೆ. ‘ಮಗುವಿನ ವಿಷಯದಲ್ಲಿ ವ್ಯವಸ್ಥೆ ವಿಫಲವಾಯಿತು’ ಎಂಬುದು ವ್ಯಾಕರಣಕ್ಕೆ ಸರಿ. ಆದರೆ ಆ ಮಗು ಬರೀ ‘ವಿಷಯ’ವಾಗಿ ಪಕ್ಕಕ್ಕೆ ಸರಿದುಬಿಡುತ್ತದೆ. ಸದ್ಯಕ್ಕೆ ನಾನು ಸಂದರ್ಭ ನೋಡಿ ಬಿಡಿಸಿ ಬರೆಯುತ್ತಿದ್ದೇನೆ: ‘ಕಾಪಾಡಬೇಕಾದ ವ್ಯವಸ್ಥೆ ಮಗುವನ್ನು ಕಾಪಾಡಲಿಲ್ಲ’, ‘ಕಲಿಸಬೇಕಾದವರು ಕಲಿಸಲಿಲ್ಲ’. ಇಲ್ಲಿ ಯಾರು ಏನು ಮಾಡಬೇಕಿತ್ತು ಎಂಬುದನ್ನು ಹೇಳಲೇಬೇಕಾಗುತ್ತದೆ. ಅದು ಒಳ್ಳೆಯದೇ.

ಆದರೆ ‘ಐ ಫೇಲ್ಡ್ ಯು’ ಎಂದು ಒಬ್ಬ ತಂದೆ ಮಗಳಿಗೆ ಹೇಳುವ ಸಂಭಾಷಣೆ ಬಂದರೆ ಅಷ್ಟು ಉದ್ದ ಬಿಡಿಸಲು ಆಗುವುದಿಲ್ಲ. ‘ನಿನಗೆ ನಾನು ಆಗಿಬರಲಿಲ್ಲ’ ಎಂಬುದು ಅಪಶಕುನದ ಅರ್ಥ ಕೊಡುತ್ತದೆ. ‘ನಿನಗೆ ನಾನು ಒದಗಲಿಲ್ಲ ಮಗಳೇ’ ಎಂಬುದು ಈಗ ನನ್ನ ಆಯ್ಕೆ. ಬೇಕಾದ ಹೊತ್ತಿಗೆ ಒದಗುವುದು, ಒದಗದಿರುವುದು ಆಡುಮಾತಿನಲ್ಲಿ ಇರುವುದೇ. ಇದಕ್ಕಿಂತ ಸಲೀಸಾದ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಯಾರು ಯಾರಿಗೆ ಯಾವಾಗ ಹೇಳುತ್ತಾರೆ ಎಂಬ ವಾಕ್ಯದ ಸಮೇತ ತಿಳಿಸಿ.