ಸ್ಕೇಟ್‌ಬೋರ್ಡಿನ ಆಕ್ಸಲ್: ಇರುಸೋ, ಅಚ್ಚೋ?

ಪ್ರಶ್ನೆ:

ಸ್ಕೇಟ್‌ಬೋರ್ಡ್ ಟ್ರಕ್ಕಿನ (ಹಲಗೆಯ ಕೆಳಗೆ ಚಕ್ರಗಳನ್ನು ಹಿಡಿದಿಡುವ ಲೋಹದ ಭಾಗ) ಆಕ್ಸಲ್, ಅಂದರೆ ಚಕ್ರ ಕೂರುವ ಸರಳನ್ನು, ಮನೆಯಲ್ಲೇ ಬದಲಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟ್ರಕ್ ಎಂದರೆ ಲಾರಿ ನೆನಪಾಗುತ್ತದೆ, ಆದರೂ ಆಡುವವರೆಲ್ಲ ಅನ್ನುವುದು ಅದನ್ನೇ, ಹಾಗಾಗಿ ಉಳಿಸಿಕೊಂಡಿದ್ದೇನೆ. ಆಕ್ಸಲ್‌ಗೆ ಇರುಸು, ಅಚ್ಚು ಎರಡೂ ಇವೆ, ಯಾವುದು ಸರಿ? ಇನ್ನೊಂದು, 'ಆಕ್ಸಲ್ ಸ್ಲಿಪ್'. ಸರಳು ಹ್ಯಾಂಗರಿನೊಳಗೆ (ಅದನ್ನು ಹಿಡಿದಿರುವ ಟ್ರಕ್ಕಿನ ಅಡ್ಡ ಭಾಗ) ಸರಿದು ಒಂದು ಕಡೆ ತ್ರೆಡ್ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಇನ್ನೊಂದು ಕಡೆ ನಟ್ಟು ಹಿಡಿಯಲು ಜಾಗವೇ ಇರುವುದಿಲ್ಲ. ಇದಕ್ಕೆ 'ಆಕ್ಸಲ್ ಸಡಿಲ' ಎಂದರೆ ನಡೆದೀತೆ?

ಉತ್ತರ 1:

ಇರುಸು ಎಂದೇ ಬರೆಯಿರಿ. ಎತ್ತಿನ ಗಾಡಿಯಲ್ಲಿ ಇರುಸು ತಿರುಗುವುದಿಲ್ಲ, ಚಕ್ರ ಅದರ ಮೇಲೆ ತಿರುಗುತ್ತದೆ. ಇಲ್ಲಿಯೂ 8 ಮಿ.ಮೀ. ಉಕ್ಕಿನ ಸರಳು ಅಲುಗದೆ ಕೂತಿರುತ್ತದೆ, 608 ಬೇರಿಂಗ್ ಹಾಕಿದ ಚಕ್ರ ಮಾತ್ರ ಸುತ್ತುತ್ತದೆ. ರೈಲಿನ ಆಕ್ಸಲ್ ಹಾಗಲ್ಲ, ಅದು ಚಕ್ರದ ಜೊತೆಗೇ ತಿರುಗುತ್ತದೆ. ಅಚ್ಚು ಬೇಡ: ಸಾಮಾನ್ಯ ಹ್ಯಾಂಗರನ್ನು ಅಚ್ಚಿಗೆ ಅಲ್ಯೂಮಿನಿಯಂ ಎರೆದೇ ಮಾಡುತ್ತಾರೆ, ಒಂದೇ ಸಾಲಿನಲ್ಲಿ ಎರಡು ಅಚ್ಚು ಬಂದರೆ ಓದುಗರು ತಬ್ಬಿಬ್ಬಾಗುತ್ತಾರೆ.

'ಸಡಿಲ' ಖಂಡಿತ ಬೇಡ. ಸಡಿಲ ಎಂದು ಓದಿದವರು ಮೊದಲು ಮಾಡುವುದು ನಟ್ಟು ಬಿಗಿಯುವುದನ್ನೇ. ಬಿಗಿದಷ್ಟೂ ನಟ್ಟು ಸರಳನ್ನು ತನ್ನ ಕಡೆಗೇ ಎಳೆಯುತ್ತದೆ. 'ಇರುಸು ಜರುಗಿದೆ' ಎನ್ನಿ.

ಉತ್ತರ 2:

ಕ್ರಿಯಾಪದದ ಬಗ್ಗೆಯೂ ಎಚ್ಚರವಿರಲಿ. 'ಹೊಡೆದು ತೆಗೆಯಿರಿ' ಅನ್ನಬೇಡಿ, 'ಒತ್ತಿ ತೆಗೆಯಿರಿ' ಅನ್ನಿ. ಎರಕದ ಹ್ಯಾಂಗರಿನಲ್ಲಿ ಇರುಸಿನ ನಡುಭಾಗಕ್ಕೆ ಕಚ್ಚು ಹಾಕಿರುತ್ತಾರೆ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಂಡಿರುತ್ತದೆ. ಬರೀ ಸುತ್ತಿಗೆಯಿಂದ ಹೊಡೆದರೆ ತುದಿ ಅಣಬೆಯಂತೆ ಅರಳಿ ತ್ರೆಡ್ ಹಾಳಾಗುತ್ತದೆ, ಆಮೇಲೆ ಆ ಅರಳಿದ ತುದಿ ತೂತಿನೊಳಗೆ ಹೋಗುವುದೇ ಇಲ್ಲ. ಚಕ್ರ, ವಾಷರ್ ಬಿಚ್ಚಿ, ಕಿಂಗ್‌ಪಿನ್ (ಹ್ಯಾಂಗರನ್ನು ಟ್ರಕ್ಕಿಗೆ ಹಿಡಿದಿಡುವ ಬೋಲ್ಟ್) ನಟ್ಟು ತೆಗೆದು ಹ್ಯಾಂಗರನ್ನು ಬೇರೆ ಮಾಡಿ, ಪ್ರೆಸ್ ಅಥವಾ ಗಟ್ಟಿ ವೈಸ್‌ನಲ್ಲಿ ಒತ್ತಬೇಕು. ಕುದಿಯುವ ನೀರಿನಲ್ಲಿ ಹ್ಯಾಂಗರನ್ನು ಬಿಸಿ ಮಾಡಿಕೊಂಡರೆ ಸ್ವಲ್ಪ ಅನುಕೂಲ. ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಬ್ಲೋ ಟಾರ್ಚ್ ಹಿಡಿದರೆ ಲೋಹದ ಹದ ಕೆಟ್ಟು ಮೆತ್ತಗಾಗುತ್ತದೆ. ಜರುಗಿದ್ದಷ್ಟೇ ತೊಂದರೆಯಾದರೆ ಬದಲಿಸುವುದೇ ಬೇಡ: ಚಾಚಿದ ತುದಿಗೆ ಹಳೆಯ ನಟ್ಟನ್ನು ತುದಿಸಮಕ್ಕೆ ತಿರುಗಿಸಿ, ಮರದ ತುಂಡು ಇಟ್ಟು ಒತ್ತಿ, ಎರಡೂ ಕಡೆ ವರ್ನಿಯರ್‌ನಲ್ಲಿ ಅಳೆದರೆ ಆಯಿತು.

ನಟ್ಟಿನ ಅಳತೆಯನ್ನು ಮಾತ್ರ ಬಿಡದೆ ಬರೆಯಿರಿ. ಇರುಸಿನ ತ್ರೆಡ್ ಸಾಮಾನ್ಯವಾಗಿ 5/16 ಇಂಚು (ಹೆಚ್ಚುಕಡಿಮೆ 8 ಮಿ.ಮೀ.), ಇಂಚಿಗೆ 24 ಸುತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ '8 ಎಂಎಂ ನಟ್ಟು' ಎಂದು ಕೇಳಿದರೆ ಕೊಡುವುದು 1.25 ಮಿ.ಮೀ. ಪಿಚ್ಚಿನದು (ತ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ದೂರ). ಅದು ಸ್ವಲ್ಪ ಹತ್ತಿ ಸಿಕ್ಕಿಹಾಕಿಕೊಳ್ಳುತ್ತದೆ, ಜೋರು ಮಾಡಿದರೆ ಹೊಸ ಇರುಸಿನ ತ್ರೆಡ್ಡನ್ನೇ ಕೊಯ್ಯುತ್ತದೆ.