ಮೇಲಿನವರ ಮುಂದೆ ಬೆಣ್ಣೆ, ನಮ್ಮ ಮುಂದೆ ಬೆಂಕಿ: ಇಂಥ ಸೂಪರ್ವೈಸರ್ ಜೊತೆ ಏಗೋದು ಹೆಂಗೆ?

ಪ್ರಶ್ನೆ: ನಮಸ್ತೆ ಮೇಡಂ. ನಾನು ತುಮಕೂರು ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟ್ರೀಲಿ ಕ್ವಾಲಿಟಿ ಚೆಕಿಂಗು, ಸೆಕೆಂಡ್ ಶಿಫ್ಟು. ಅಳತೆ ನೋಡೋ ಗೇಜ್ ಸವೆದೈತೆ ಸಾರ್ ಅಂತ ಸೂಪರ್ವೈಸರ್‌ಗೆ ಎರಡು ಸಲ ಹೇಳ್ದೆ, ಇದರಲ್ಲೇ ನಡೆಸು ಅಂದ್ರು, ಆಮೇಲೆ ಮಾಲು ರಿಜೆಕ್ಟ್ ಆಗಿ ವಾಪಸ್ ಬಂದಾಗ ಮ್ಯಾನೇಜರ್ ಎದುರಿಗೆ "ನಾನು ಬಡ್ಕೊಂಡೆ, ಇವನೇ ಕೇಳಲಿಲ್ಲ" ಅಂದುಬಿಟ್ರು. ಹೊರಗೆ ಬಂದು ಹೆಗಲ ಮೇಲೆ ಕೈ ಹಾಕಿ ಟೀ ಕೊಡಿಸಿದ್ರು. ಆ ಟೀ ಗಂಟಲಲ್ಲಿ ಇಳೀಲಿಲ್ಲ ಮೇಡಂ. ಯೂಟ್ಯೂಬಲ್ಲಿ ಡಾರ್ಕ್ ಟ್ರಯಾಡ್ ಅಂತ ನೋಡ್ದೆ, ಇವರು ಸೈಕೋಪಾತಾ?

ಉತ್ತರ (ಕೌನ್ಸೆಲರ್): ನೋಡಪ್ಪ, ನಿನಗೆ ಆಗಿದ್ದು ಅನ್ಯಾಯಾನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರನ್ನ ಕಾಣದೆ ನಾನು ಹಣೆಪಟ್ಟಿ ಅಂಟಿಸಲ್ಲ, ನೀನೂ ಅಂಟಿಸ್ಬೇಡ. 2002ರಲ್ಲಿ ಪೌಲ್‌ಹಸ್, ವಿಲಿಯಮ್ಸ್ ಅನ್ನೋ ಇಬ್ಬರು ಸಂಶೋಧಕರು ಮೂರು ಗುಣಗಳನ್ನ ಸೇರಿಸಿ ಡಾರ್ಕ್ ಟ್ರಯಾಡ್ ಅಂತ ಹೆಸರಿಟ್ರು: ನಾನೇ ದೊಡ್ಡೋನು ಅನ್ನೋ ನಾರ್ಸಿಸಿಸಂ, ಜನರನ್ನ ದಾಳದ ಥರ ಉರುಳಿಸೋ ಮ್ಯಾಕಿಯವೆಲಿಯನಿಸಂ, ಇನ್ನೊಬ್ಬರ ನೋವು ತಾಕದೇ ಇರೋ ಸೈಕೋಪತಿ. ಇಲ್ಲಿ ಇವು ಕಾಯಿಲೆ ಅಂತಲ್ಲ, ಎಲ್ಲರಲ್ಲೂ ಹೆಚ್ಚುಕಮ್ಮಿ ಇರೋ ಗುಣಗಳು. 1951ರಿಂದ 2011ರವರೆಗಿನ ಅಧ್ಯಯನಗಳನ್ನ ಒಟ್ಟಿಗೆ ಲೆಕ್ಕ ಹಾಕಿ 2012ರಲ್ಲಿ ಒಂದು ವಿಶ್ಲೇಷಣೆ ಬಂತು, ಅದರಲ್ಲಿ ಮೂರು ಗುಣಕ್ಕೂ ಕೆಲಸದ ಜಾಗದಲ್ಲಿ ಕೆಡುಕು ಮಾಡೋದಕ್ಕೂ ನಂಟು ಕಾಣ್ತು, ಆದ್ರೆ ಕೆಲಸದ ಗುಣಮಟ್ಟಕ್ಕೆ ಇವುಗಳ ಸಂಬಂಧ ತುಂಬಾ ಸಣ್ಣದು. ಅಂದ್ರೆ ಕೆಲಸ ಚೆನ್ನಾಗೇ ಮಾಡೋ ಮನುಷ್ಯ ಪಕ್ಕದೋನ ತಲೆಗೆ ತಪ್ಪು ಕಟ್ಟಬಹುದು. ಮ್ಯಾನೇಜರ್‌ಗೆ ಪ್ರೊಡಕ್ಷನ್ ನಂಬರ್ ಕಾಣುತ್ತೆ, ನಿನ್ನ ಗಂಟಲು ಕಾಣಲ್ಲ.

ನಿನ್ನ ವಿಷಯದಲ್ಲಿ ನನಗೆ ಕಣ್ಣಿಗೆ ಹೊಡೆದಿದ್ದು ಒಂದೇ, ಎರಡು ಸಲ ಹೇಳಿದ್ದೂ ಬಾಯಲ್ಲೇ. ಇನ್ಮೇಲೆ ಶಿಫ್ಟ್ ಲಾಗ್‌ಬುಕ್ಕಲ್ಲಿ ಟೈಮ್ ಹಾಕಿ ಬರಿ.

ಪ್ರಶ್ನೆ: ಬರೆದ್ರೆ ನನ್ನ ಮೇಲೇ ಕಂಪ್ಲೇಂಟಾ ಅಂತ ಉರ್ಕೊಳಲ್ವಾ ಮೇಡಂ?

ಉತ್ತರ: ಕಂಪ್ಲೇಂಟ್ ಥರ ಬರೀಬೇಡ, ಅಪ್ಪಣೆ ಕೇಳೋ ಥರ ಬರಿ. "ಸಾರ್, ಗೇಜ್ ಸವೆದಿದೆ, ಇದರಲ್ಲೇ ನಡೆಸ್ಲಾ, ನಿಲ್ಲಿಸ್ಲಾ?" ಅಂತ ವಾಟ್ಸಾಪಲ್ಲೂ ಒಂದು ಸಾಲು ಹಾಕು, ಉತ್ತರ ಬರದೇ ಇದ್ರೂ ಕೇಳಿದ್ದು ಉಳಿಯುತ್ತೆ. ಎಚ್ಆರ್ ಹತ್ರ ಹೋದಾಗ ಅವರ ಗುಣದ ಮಾತೇ ಎತ್ತಬೇಡ, ಯಾವ ದಿನ ಏನು ನಡೀತು ಅಷ್ಟೇ ಹೇಳು, ಅದೇ ಲೈನಲ್ಲಿ ಇಂಥದ್ದು ಅನುಭವಿಸಿದೋರು ಇನ್ನಿಬ್ಬರಿದ್ರೆ ಜೊತೆಗೆ ಕರ್ಕೊಂಡು ಹೋಗು. ರಾತ್ರಿ ನಿದ್ದೆ ಬರ್ತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು ತಮ್ಮಾ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡೋ ಹಂಗಿಲ್ಲ.